ವಿಟ್‌ವರ್ತ್ ಅಳೆದು ಕಂಡ 55 ಡಿಗ್ರಿ

ಯಾವುದೋ ಮನೆಯ ಹಳೇ ಯಂತ್ರದಿಂದ ಬಿಚ್ಚಿದ ಅರ್ಧ ಇಂಚಿನ ಬೋಲ್ಟಿಗೆ ಕೈಗೆ ಸಿಕ್ಕ ನಟ್ ಹಾಕಿ ನೋಡಿ. ಒಂದೆರಡು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಕಚ್ಚಿಕೊಂಡು ನಿಂತೀತು. ಎರಡೂ ಅರ್ಧ ಇಂಚಿನವೇ. ಆದರೆ ಹಳೇ ಬ್ರಿಟಿಷ್ ಬೋಲ್ಟಿನಲ್ಲಿ ಸಾಮಾನ್ಯವಾಗಿ ಇಂಚಿಗೆ 12 ಥ್ರೆಡ್, ಅಮೆರಿಕದ್ದರಲ್ಲಿ 13.

19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪರಿಸ್ಥಿತಿ ಇದಕ್ಕಿಂತ ಕಷ್ಟದ್ದು. ಒಂದೊಂದು ವರ್ಕ್‌ಶಾಪಿಗೂ ತನ್ನದೇ ಥ್ರೆಡ್. ಬೋಲ್ಟ್ ಕಳೆದರೆ ಯಂತ್ರ ಮಾಡಿದವರ ಬಾಗಿಲಿಗೇ ಹೋಗಬೇಕಿತ್ತು. ಲಂಡನ್ನಿನ ಹೆನ್ರಿ ಮಾಡ್ಸ್‌ಲಿ ತಮ್ಮ ವರ್ಕ್‌ಶಾಪಿನ ಮಟ್ಟಿಗೆ ಥ್ರೆಡ್‌ಗಳನ್ನು ಒಂದು ಕ್ರಮಕ್ಕೆ ತಂದಿದ್ದರು. ಅವರಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ಅದನ್ನು ಇಡೀ ದೇಶಕ್ಕೆ ಹಬ್ಬಿಸಲು ಹೊರಟರು. ಹೊಸ ಥ್ರೆಡ್ಡೊಂದನ್ನು ಕಾಗದದ ಮೇಲೆ ಕಲ್ಪಿಸಿಕೊಳ್ಳಲಿಲ್ಲ. ಹಲವು ವರ್ಕ್‌ಶಾಪುಗಳ ಬೋಲ್ಟುಗಳನ್ನು ಕಲೆಹಾಕಿ, ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ದೂರ), ಆಳ, ಕೋನಗಳನ್ನು ಅಳೆದು ಸರಾಸರಿ ತೆಗೆದರು. ಥ್ರೆಡ್ಡಿನ ಎರಡು ಇಳಿಜಾರುಗಳ ನಡುವಿನ ಕೋನ 55 ಡಿಗ್ರಿ ಬಂತು. 1841ರಲ್ಲಿ ಅದನ್ನು ಎಂಜಿನಿಯರುಗಳ ಮುಂದಿಟ್ಟರು. ಯಾರ ಥ್ರೆಡ್ಡಿಗೂ ತೀರಾ ದೂರವಾಗಿರದ ಕಾರಣ ಒಪ್ಪಿಕೊಳ್ಳುವುದು ಸುಲಭವಾಯಿತು.

1864ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ ಬೇರೆ ದಾರಿ ಹಿಡಿದರು. ವಿಟ್‌ವರ್ತ್ ಥ್ರೆಡ್ಡಿನ ದುಂಡು ತುದಿಯನ್ನು ಕರಾರುವಾಕ್ಕಾಗಿ ಕತ್ತರಿಸುವುದು ಕಷ್ಟ. 60 ಡಿಗ್ರಿಯ ಕೋನ, ಚಪ್ಪಟೆ ತುದಿ ಸಾಕು ಎಂದರು. ಈ ಎರಡು ಪದ್ಧತಿಗಳು ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷಗಳ ರಿಪೇರಿ ಕೆಲಸವನ್ನೇ ತೊಡಕಾಗಿಸಿದವು. ಕೊನೆಗೆ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ 60 ಡಿಗ್ರಿಯ ಒಂದೇ ಥ್ರೆಡ್ಡಿಗೆ ಸಹಿ ಹಾಕಿ, ಅದಕ್ಕೆ ‘ಯೂನಿಫೈಡ್’ ಎಂದು ಹೆಸರಿಟ್ಟವು.

ಭಾರತದಲ್ಲೂ ಮೊದಲು ಇಂಚಿನದೇ ಆಳ್ವಿಕೆ: ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದ್ದು 1923ರಲ್ಲಿ, ಇಂಚಿನ ಕಾಲದಲ್ಲೇ. ಭಾರತ ಮೆಟ್ರಿಕ್ ಅಳತೆಯನ್ನು ಕಾನೂನಾಗಿ ಒಪ್ಪಿದ್ದು 1956ರಲ್ಲಿ. ಈಗ ಅಂಗಡಿಯಲ್ಲಿ ಕೇಳುವ ಎಂ12 ಬೋಲ್ಟಿನಲ್ಲಿ ‘ಎಂ’ ಅಂದರೆ ಮೆಟ್ರಿಕ್, 12 ಅಂದರೆ ಮಿಲಿಮೀಟರಿನಲ್ಲಿ ವ್ಯಾಸ. ಸಾಮಾನ್ಯ ಎಂ12ರಲ್ಲಿ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ 1.75 ಮಿ.ಮೀ.; ಕೋನ ಇಲ್ಲೂ 60 ಡಿಗ್ರಿ.

ಹಾಗಾಗಿ ನಟ್ ಕಚ್ಚಿಕೊಂಡರೆ ಸ್ಪ್ಯಾನರ್ ಹಾಕಿ ಜಗ್ಗಬೇಡಿ, ಥ್ರೆಡ್ ಹಾಳಾಗುತ್ತದೆ. ಥ್ರೆಡ್ ಅಳೆಯುವ ಪಿಚ್ ಗೇಜಿನ ಹಲ್ಲುಳ್ಳ ಎಲೆಯೊಂದನ್ನು ಬೋಲ್ಟಿಗೆ ಒತ್ತಿ ಬೆಳಕಿಗೆ ಹಿಡಿಯಿರಿ; ಸಂದಿಯಲ್ಲಿ ಬೆಳಕು ಕಾಣದಿದ್ದರೆ ಅದೇ ಪಿಚ್. ಹಳೇ ಯಂತ್ರದಲ್ಲಿ 55 ಡಿಗ್ರಿಯ ಎಲೆ ಸರಿಯಾಗಿ ಕೂತರೆ, ಅದು ವಿಟ್‌ವರ್ತ್ ಒಬ್ಬರ ಲೆಕ್ಕವಷ್ಟೇ ಅಲ್ಲ. ಅವರು ಅಳೆದ ಬೋಲ್ಟುಗಳನ್ನು ಮಾಡಿದ್ದ, ಹೆಸರು ಉಳಿಯದ ಎಷ್ಟೋ ಕುಶಲಕರ್ಮಿಗಳ ಕೈಕೆಲಸದ ಸಾರ.