ಇಪ್ಪತ್ತೂವರೆ ಗಂಟೆಯ ದಿನ

ಬೆಂಗಳೂರಿನಲ್ಲಿ ನೌಕರಿಗಿರುವ ಮಗ ಮೇ ರಜೆಯಲ್ಲಿ ಎಲ್ಲರನ್ನೂ ಜಪಾನಿಗೆ ಕರೆದೊಯ್ಯುತ್ತೇನೆಂದರೆ, ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಮನೆಯವರಿಗೆ ಮೊದಲು ಬರುವ ಚಿಂತೆ ಖರ್ಚಿನದು, ಆಮೇಲೆ ರೊಟ್ಟಿಯದು. ಆದರೆ ಮೊದಲ ದಿನ ಕೈಕೊಡುವುದು ಹೊತ್ತು.

ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು, ಜಪಾನಿನದು ಅಕಾಶಿ ಪಟ್ಟಣದ ಮೇಲೆ ಹಾಯುವ 135 ಡಿಗ್ರಿಗೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಂತರ ಮೂರೂವರೆ ಗಂಟೆ. ವಿಮಾನ ಬೆಂಗಳೂರಿನಿಂದ ನಸುಕಿನ 3ಕ್ಕೆ ಹೊರಟು ಎಂಟು ಗಂಟೆ ಹಾರಿತು ಎಂದಿಟ್ಟುಕೊಳ್ಳಿ. ಇಳಿದಾಗ ಅಪ್ಪನ ಕೈಗಡಿಯಾರದಲ್ಲಿ ಬೆಳಿಗ್ಗೆ 11, ನರಿತಾ ನಿಲ್ದಾಣದ ಗೋಡೆಯ ಮೇಲೆ ಮಧ್ಯಾಹ್ನ 2.30. ಆ ದಿನ ಇಪ್ಪತ್ತನಾಲ್ಕು ಗಂಟೆಯದಲ್ಲ, ಇಪ್ಪತ್ತೂವರೆ ಗಂಟೆಯದು.

ಸೂರ್ಯನ ಲೆಕ್ಕ ಇನ್ನೂ ದೊಡ್ಡದು. ಈ ನಾಲ್ಕೂ ತಾಲ್ಲೂಕುಗಳು ಸುಮಾರು 76ನೇ ಡಿಗ್ರಿಯ ಮೇಲಿವೆ, ಟೋಕಿಯೊ ಸುಮಾರು 140ರ ಮೇಲೆ. ಆಕಾಶದ ಸೂರ್ಯನಂತೆ ಅಂತರ ನಾಲ್ಕೂಕಾಲು ಗಂಟೆ. ಮೇ ನಡುವಿನಲ್ಲಿ ಸಿಂದಗಿಯಲ್ಲಿ ಸೂರ್ಯ ಏಳುವುದು ಆರರ ಸುಮಾರಿಗೆ, ಟೋಕಿಯೊದಲ್ಲಿ 4.40ಕ್ಕೇ ಬೆಳಗಾಗಿರುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ದಿನ ಮೂರೂವರೆ ಗಂಟೆ ಮೊಟಕಾದಾಗ ಮುಂದಿನ ಡೋಸು ಯಾವ ಗಡಿಯಾರದಂತೆ, ಎಷ್ಟು ಎಂಬುದನ್ನು ಹೊರಡುವ ಮೊದಲೇ, ವಿಮಾನದ ವೇಳೆಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ ವೈದ್ಯರನ್ನು ಕೇಳಬೇಕು. ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವೈದ್ಯರು ಬರೆದುಕೊಟ್ಟ ಔಷಧಿ ಒಂದು ತಿಂಗಳಿಗಿಂತ ಹೆಚ್ಚಿನದಿದ್ದರೆ ಜಪಾನಿನ ಅನುಮತಿ ಮೊದಲೇ ಬೇಕು. ನೆಗಡಿಗೆಂದು ಇಲ್ಲಿ ಸುಲಭವಾಗಿ ಸಿಗುವ ಕೆಲವು ಗುಳಿಗೆಗಳಲ್ಲಿ ಸೂಡೊಎಫೆಡ್ರಿನ್ ಇರುತ್ತದೆ. ಅದು ಶೇ. 10ಕ್ಕಿಂತ ಹೆಚ್ಚಿದ್ದರೆ ಅಲ್ಲಿ ನಿಷಿದ್ಧ.

ಇನ್ನು ಲಿಂಬೆ. ಇಂಡಿಯವರ ಚೀಲದಲ್ಲಿ ನಾಲ್ಕು ಲಿಂಬೆಹಣ್ಣು ಇಲ್ಲದಿದ್ದರೆ ಅದು ಪ್ರಯಾಣವೇ ಅಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು, ವಾಂತಿ ಬಂದರೆ ಮೂಸುವುದಕ್ಕೂ ಬೇಕು. ನರಿತಾದಲ್ಲಿ ಮಾತ್ರ ಅದರ ಆಟ ನಡೆಯದು. ಸಾಮಾನು ಬರುವ ಕಡೆ ಬೀಗಲ್ ಜಾತಿಯ ಪುಟ್ಟ ನಾಯಿಗಳು ಮೂಸುತ್ತ ತಿರುಗುತ್ತವೆ, ಹಣ್ಣು ಸಿಕ್ಕರೆ ಕಸಿದುಕೊಳ್ಳುತ್ತಾರೆ, ಅಡಗಿಸಿದರೆ ಶಿಕ್ಷೆಗೂ ಕಾನೂನಿದೆ. ಇದು ಹಟವಲ್ಲ. ನಮ್ಮ ಮಾವಿನ ತೋಪುಗಳಲ್ಲಿ ಮೀಥೈಲ್ ಯುಜಿನಾಲ್ ಬಲೆ ತೂಗುಹಾಕುವುದು ಯಾವ ಹಣ್ಣುನೊಣಕ್ಕಾಗಿಯೋ, ಅದೇ ನೊಣವನ್ನು ಅದೇ ಮದ್ದಿನಿಂದ ಜಪಾನ್ ತನ್ನ ದಕ್ಷಿಣದ ದ್ವೀಪಗಳಿಂದ 1986ರ ಹೊತ್ತಿಗೆ ನಿರ್ಮೂಲ ಮಾಡಿತು. ಹದಿನೆಂಟು ವರ್ಷದ ಆ ದುಡಿಮೆಯನ್ನು ಯಾರದೋ ಚೀಲದ ನಾಲ್ಕು ಹಣ್ಣಿಗಾಗಿ ಅವರು ಬಿಟ್ಟುಕೊಡಲಾರರು.

ಅಲ್ಲಿಂದ ಟೋಕಿಯೊ ಸುಮಾರು 60 ಕಿ.ಮೀ., ಸಿಂದಗಿಯಿಂದ ವಿಜಯಪುರ ಇದ್ದಷ್ಟು. ರೈಲಿನಲ್ಲಿ ಫೋನು ಹಚ್ಚಿ ‘ಮುಟ್ಟಿದೆವು’ ಎಂದು ಕೂಗುವಂತಿಲ್ಲ, ಬೋಗಿಯೇ ತಿರುಗಿ ನೋಡುತ್ತದೆ.

ಊಟದ ತೊಡಕು ಇಳಿದ ಸಂಜೆಯೇ ಶುರು. ‘ನಿಕು’ ಎಂದರೆ ಮಾಂಸ, ‘ಸಕಾನಾ’ ಎಂದರೆ ಮೀನು. ಎರಡೂ ಬೇಡವೆಂದು ಹೇಳಿದರೆ ಸಾಲದು. ಬರೀ ತರಕಾರಿಯ ಸಾರಿಗೂ, ಉದೋನ್ ಶಾವಿಗೆಯ ತಿಳಿಗೂ ‘ದಾಶಿ’ ಹಾಕಿರುತ್ತಾರೆ. ಅದು ಹೆಚ್ಚಾಗಿ ಒಣಮೀನಿನ ಹೆರಕಲನ್ನು ಕುದಿಸಿದ ನೀರು. ಅವರ ಲೆಕ್ಕದಲ್ಲಿ ಅದು ಮೀನಲ್ಲ, ರುಚಿ. ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಮೀನಿನ ದಾಶಿ ಇಲ್ಲ, ಆದರೆ ಅದು ದಣಿದು ಬಂದ ಸಂಜೆಯೇ ಸಿಗುವಂಥದ್ದಲ್ಲ. ಟೋಕಿಯೊದ ನಿಶಿಕಸಾಯಿಯಲ್ಲಿ ಭಾರತೀಯರ ವಸತಿ ಹೆಚ್ಚು, ಅಲ್ಲಿ ಬೇಳೆ ಅನ್ನ ಸಿಗುತ್ತದೆ. ಮೊದಲ ರಾತ್ರಿಗಂತೂ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಂಗಡಿಯ ಮೊಸರು ಸಾಕು. ಇಲ್ಲಿಂದ ನೀರು ಕಾಯಿಸುವ ಕಾಯಿಲ್ ಒಯ್ದವರಿಗೆ ನಿರಾಸೆ: ಅಲ್ಲಿ ವಿದ್ಯುತ್ತು 100 ವೋಲ್ಟ್. ನಮ್ಮ 230 ವೋಲ್ಟಿನ ಕಾಯಿಲ್ ಅಲ್ಲಿ ಕೊಡುವ ಶಾಖ ಐದನೇ ಒಂದು ಭಾಗಕ್ಕೂ ಕಡಿಮೆ.

ಈಗ ನಿದ್ದೆ. ದೇಹದೊಳಗಿನ ಗಡಿಯಾರ ಪೂರ್ವಕ್ಕೆ ಹೋದಾಗ ಹೆಚ್ಚು ತಂಟೆ ಮಾಡುತ್ತದೆ, ದಿನಕ್ಕೆ ಒಂದು ಗಂಟೆಯಷ್ಟೇ ಸರಿಯುತ್ತದೆ. ಅದನ್ನು ತಿರುಗಿಸುವ ಕೀಲಿ ಬೆಳಕು. ಏಳುವುದಕ್ಕೆ ಎರಡು ಗಂಟೆ ಮುಂಚೆ ಮೈಯ ಉಷ್ಣತೆ ತಳಮುಟ್ಟುತ್ತದೆ. ಅದಾದ ಮೇಲಿನ ಬೆಳಕು ಗಡಿಯಾರವನ್ನು ಮುಂದೆ ತಳ್ಳುತ್ತದೆ, ಮೊದಲಿನದು ಹಿಂದೆ ಎಳೆಯುತ್ತದೆ. ಹೊಲದ ಮನುಷ್ಯ ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುವವನು. ಅವನ ತಳ ನಮ್ಮ ಮೂರು ಗಂಟೆಗೆ, ಟೋಕಿಯೊದ 6.30ಕ್ಕೆ. ರಾತ್ರಿ ಒಂದಕ್ಕೆ ಮಲಗಿ ಎಂಟಕ್ಕೆ ಏಳುವ ಬೆಂಗಳೂರಿನ ಮಗನದು ಅಲ್ಲಿಯ 9.30ಕ್ಕೆ. ಹಾಗಾಗಿ 4.40ರ ಬೆಳಕು ಇಬ್ಬರಿಗೂ ವೈರಿ, ಪರದೆ ಎಳೆದೇ ಮಲಗಬೇಕು. ಆರೂವರೆ ದಾಟಿದ ಮೇಲೆ ಅಪ್ಪ ಬಿಸಿಲಿಗೆ ಹೋದರೆ ಲಾಭ. ಮಗ ಅದೇ ಹೊತ್ತಿಗೆ ಕ್ಯಾಮೆರಾ ಹಿಡಿದು ಹೊರಟರೆ ಅವನ ನಿದ್ದೆ ಇನ್ನಷ್ಟು ಹಿಂದೆ ಬೀಳುತ್ತದೆ. ದೂರದ ಹಾದಿಗೆ ಯಾರನ್ನು ಕರೆದೊಯ್ಯಲು ಮಗ ಅಂಜಿದ್ದನೋ, ಅವರೇ ಟೋಕಿಯೊದ ಹೊತ್ತಿಗೆ ಮೂರು ಗಂಟೆ ಹತ್ತಿರವಿರುತ್ತಾರೆ.

ಆದರೂ ಆ ಮೊದಲ ರಾತ್ರಿ ಹನ್ನೆರಡೂವರೆಯವರೆಗೆ ಅವರಿಗೂ ಕಣ್ಣು ಹತ್ತುವುದಿಲ್ಲ. ಆಗ ಬಸವನ ಬಾಗೇವಾಡಿಯಲ್ಲಿ ಇನ್ನೂ ಒಂಬತ್ತು. ಊಟ ಮುಗಿಸಿ ಅಂಗಳದಲ್ಲಿ ಹಾಸಿಗೆ ಬಿಚ್ಚುವ ಹೊತ್ತು, ಫೋನು ಮಾಡಿದರೆ ಮನೆಯವರು ಎತ್ತುತ್ತಾರೆ.