ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದರೆ ಸಾಕೇ?

ನಮ್ಮ ಖಾಲಾ ಅವರ ಕುಟುಂಬ ಈ ವರ್ಷ ದುಬೈನಿಂದ ಊರಿಗೆ ವಾಪಸಾಯಿತು. ಮಗ ಹತ್ತನೇ ತರಗತಿ ಮುಗಿಸಿದ್ದಾನೆ. ಖಾಲಾ ಒಂದು ಶಾಲೆಯ ಕರಪತ್ರ ತೋರಿಸಿ, “ನೀನು ಕಾಮರ್ಸ್ ಓದ್ತಿದ್ದೀಯಲ್ಲ, ನೋಡಿ ಹೇಳು ಬೇಟಾ. ನಾಡಿದ್ದು ಫೀಸ್ ಕಟ್ಟಬೇಕು” ಎಂದರು. ಅದರಲ್ಲಿ ‘ಐಬಿ ಕ್ಯಾಂಡಿಡೇಟ್ ಶಾಲೆ’ ಎಂದಿತ್ತು. ಫೀಸು ಖಾಲೂ ಅವರ ಎಷ್ಟೋ ವರ್ಷಗಳ ಉಳಿತಾಯ. ಹಾಗಾಗಿ ಕೂತು ಓದಿ ತಿಳಿದುಕೊಂಡೆ.

ಐಬಿ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. 1968ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಆರಂಭವಾದ ಸಂಸ್ಥೆ. ಇದು ಕೊಡುವುದು ತನ್ನ ಪಠ್ಯಕ್ರಮ ಕಲಿಸುವ ಅನುಮತಿ. ಇಡೀ ಶಾಲೆಯನ್ನು, ಅಂದರೆ ಆಡಳಿತ, ಬೋಧನೆ, ಮಕ್ಕಳ ಸುರಕ್ಷತೆ ಎಲ್ಲವನ್ನೂ ಪರಿಶೀಲಿಸಿ ಅಕ್ರೆಡಿಟೇಷನ್ ಕೊಡುವ ಸಂಸ್ಥೆಗಳು ಬೇರೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿರುವ ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್ ಅವುಗಳಲ್ಲೊಂದು.

ಎರಡರಲ್ಲೂ ದಾರಿ ಹೆಚ್ಚುಕಡಿಮೆ ನಮ್ಮ ಆಡಿಟ್ ಪಾಠದ ಹಾಗೆಯೇ ಇದೆ. ಶಾಲೆ ಮೊದಲು ಅರ್ಜಿ ಹಾಕಿ ತಯಾರಿ ನಡೆಸುತ್ತದೆ. ತನ್ನನ್ನು ತಾನೇ ಪರೀಕ್ಷಿಸಿಕೊಂಡು ಎಲ್ಲಿ ಸರಿ, ಎಲ್ಲಿ ಕೊರತೆ ಎಂದು ಬರೆಯುತ್ತದೆ. ಆಮೇಲೆ ಬೇರೆ ಶಾಲೆಗಳ ಅನುಭವಿ ಶಿಕ್ಷಕರ ತಂಡ ಬಂದು ತರಗತಿ ನೋಡುತ್ತದೆ. ಶಿಕ್ಷಕರು, ಪೋಷಕರು, ವಿದ್ಯಾರ್ಥಿಗಳ ಜೊತೆ ಮಾತಾಡುತ್ತದೆ. ಬರೆದದ್ದು, ನಡೆಯುವುದು ಒಂದೇನಾ ಎಂದು ತಾಳೆ ನೋಡುತ್ತದೆ. ಡಿಗ್ರಿ ಕಾಲೇಜುಗಳಿಗೆ ಬೆಂಗಳೂರಿನ ನ್ಯಾಕ್ ತಂಡ ಬರುತ್ತಿತ್ತಲ್ಲ, ಅದೇ ರೀತಿ.

ಪ್ರಮಾಣಪತ್ರ ಸಿಕ್ಕರೆ ಕೆಲಸ ಮುಗಿಯುವುದಿಲ್ಲ. ವಾರ್ಷಿಕ ಶುಲ್ಕ ಕಟ್ಟಬೇಕು, ಶಿಕ್ಷಕರಿಗೆ ತರಬೇತಿ ಕೊಡಿಸಬೇಕು, ಹೇಳಿದ ಕೊರತೆಗಳನ್ನು ಸರಿಪಡಿಸಬೇಕು. ಐಬಿ ಐದು ವರ್ಷಕ್ಕೊಮ್ಮೆ ಮತ್ತೆ ಮೌಲ್ಯಮಾಪನ ಮಾಡುತ್ತದೆ. ನಿಯಮ ಪಾಲಿಸದಿದ್ದರೆ ಅನುಮತಿ ಹೋಗಲೂಬಹುದು.

ಹಾಗಾದರೆ ‘ಕ್ಯಾಂಡಿಡೇಟ್’ ಅಂದರೇನು? ಶಾಲೆ ಇನ್ನೂ ತಯಾರಿಯ ಹಂತದಲ್ಲಿದೆ ಎಂದಷ್ಟೇ. ಅನುಮತಿ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಪಿಯುಸಿಗೆ ಸಮನಾದ ಎರಡು ವರ್ಷದ ಡಿಪ್ಲೊಮಾವನ್ನು ಅನುಮತಿಗೆ ಮೊದಲು ಆರಂಭಿಸುವಂತೆಯೇ ಇಲ್ಲ. ನನ್ನ ತಮ್ಮನಿಗೆ ಬೇಕಾಗಿದ್ದುದು ಅದೇ ಕೋರ್ಸ್!

ಐಬಿ ಜಾಲತಾಣದಲ್ಲಿ ಅನುಮತಿ ಪಡೆದ ಶಾಲೆಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಖಾಲಾ ಜೊತೆ ಕೂತು ಹುಡುಕಿದೆ. ಆ ಶಾಲೆಯ ಹೆಸರಿನ ಮುಂದೆ ಡಿಪ್ಲೊಮಾ ಇರಲಿಲ್ಲ. ಅವರು ಫೀಸ್ ಕಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಕರಪತ್ರ ಬಂದರೆ ಮೂರು ಪ್ರಶ್ನೆ ಕೇಳಿ: ಮಾನ್ಯತೆ ಕೊಟ್ಟವರು ಯಾರು? ಯಾವ ಕೋರ್ಸಿಗೆ? ಕೊನೆಯ ಪರಿಶೀಲನೆ ಯಾವಾಗ ಆಯಿತು? ಬ್ಯಾಲೆನ್ಸ್ ಶೀಟ್‌ನಲ್ಲಿ ನಾವು ಮೊದಲು ತಾರೀಖು ನೋಡುತ್ತೇವೆ. ಇಲ್ಲೂ ಅದನ್ನೇ ಮಾಡೋಣ.