ಡಬ್ಬಿಯೊಳಗಿನ ಡುಕ್ಕರ

ತಾಡಪತ್ರಿ ಸರಿಸಿದ್ದೇ ತಡ, ಧೂಳಿನೊಳಗಿಂದ ಎರಡು ದುಂಡು ಕಣ್ಣು ನನ್ನನ್ನೇ ನೋಡಿದವು!

"ಸಾವಕಾಶ ತಮ್ಮಾ, ಹಾವಗೀವ ಇದ್ದೀತು," ಅಂದರು ಗೆಳೆಯನ ಕಾಕಾ. ನನಗೆಲ್ಲಿಯ ಸಾವಕಾಶ? ಹಿಪ್ಪರಗಿಯ ಕಬ್ಬಿನ ಹೊಲಗಳ ನಡುವೆ, ಗಾಣ ನಿಂತು ಎಷ್ಟೋ ವರ್ಷವಾದ ತಗಡಿನ ಶೆಡ್ಡಿನಲ್ಲಿ ಕೂತಿತ್ತು ಡುಕ್ಕರ ಫಿಯಟ್! ಹೌದು, ಡುಕ್ಕರ ಅಂದರೆ ಮರಾಠಿಯಲ್ಲಿ ಹಂದಿ. ಫಿಯಟ್ 1100ರ ಆ ದುಂಡು ಮೈ ನೋಡಿ ಮಂದಿ ಇಟ್ಟ ಅಡ್ಡಹೆಸರು. ಬೈಗುಳವನ್ನು ಮುದ್ದಿನ ಹೆಸರು ಮಾಡಿಕೊಂಡ ಕಾರು ಇನ್ನೊಂದಿದ್ದರೆ ಹೇಳಿ ನೋಡೋಣ!

ಮುಂದಿನ ಬಾಗಿಲು ಹಿಡಿದೆಳೆದೆ. ಉಲ್ಟಾ ತೆರೆಯಿತು! ಹಿಡಿಕೆ ಮುಂದೆ, ಬಿಜಾಗರಿ ಹಿಂದೆ. ಸ್ಟಿಯರಿಂಗಿನ ಪಕ್ಕಕ್ಕೇ ಗೇರಿನ ಕೋಲು. ಚಕ್ರದ ಮೇಲೆ ಒಣಗಿದ ರಾಡಿಯ ಗೆರೆ, 2019ರ ಆಗಸ್ಟಿನಲ್ಲಿ ಕೃಷ್ಣೆ ಬಂದುಹೋದ ಗುರುತು. ಬಾನೆಟ್ಟಿನ ಕೆಳಗೆ 1089 ಸಿಸಿಯ ಇಂಜಿನ್ನು. ಇದನ್ನು ತಯಾರಿಸಿದ್ದು ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. ಆ ಕಂಪನಿ ಕಟ್ಟಿದವರು 1882ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಅವರೇ. ವಿಮಾನ ಕಾರ್ಖಾನೆಗೂ ಈ ಡುಕ್ಕರಕ್ಕೂ ಒಬ್ಬರೇ ಅಪ್ಪ!

"ಕಾಗದ ಅದಾವೇನ್ರಿ ಕಾಕಾ?"

"ಇಲ್ಲದ ಏನು? ಹೊಲದ ಉತಾರದ ಜೋಡಿ ಇಟ್ಟೀವಿ. ನೀರ ಬಂದಾಗ ಮೊದಲ ಅಟ್ಟಕ್ಕ ಏರಿಸಿದ್ದು ಅದನ್ನ."

ತುಕ್ಕು ಹಿಡಿದ ಬಿಸ್ಕಿಟ್ ಡಬ್ಬಿ. ಮೇಲೆ ಉತಾರಗಳು, ಅವುಗಳ ಕೆಳಗೆ, ಅಂಚು ಗೆದ್ದಲು ತಿಂದ ಆರ್‌ಸಿ ಪುಸ್ತಕ. ಈಗಿನ ಹಾಗೆ ಪ್ಲಾಸ್ಟಿಕ್ ಕಾರ್ಡಲ್ಲ, ಪುಟ ತಿರುವುವ ಪುಸ್ತಕ! ಮೊದಲ ಪುಟ 1955ರದು, ಸೀಲಿನಲ್ಲಿ ಮುಂಬಯಿ ಸರಕಾರ. ಪುಟ ತಿರುವಿದೆ. 1956ರ ನವೆಂಬರ್ 1 ದಾಟಿದ ಮೇಲಿನ ಸೀಲು, ಮೈಸೂರು. ಮತ್ತೆ ತಿರುವಿದೆ. 1973 ಕಳೆದಿದೆ, ಕರ್ನಾಟಕ! ಸೀಮೆ ಅದೇ, ಜಿಲ್ಲೆ ಅದೇ ವಿಜಾಪುರ. ಕಾರು ಕದಲದೆ ನಿಂತಿದೆ, ರಾಜ್ಯಗಳೇ ಒಂದೊಂದಾಗಿ ಅದರ ಮೇಲೆ ಹಾದುಹೋಗಿವೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ಈಗ ಪಕ್ಕದ ಜಮಖಂಡಿಗೇ ಸ್ವಂತ ಕೆಎ-48 ನಂಬರಿದೆ. ಇದಾವುದೂ ಡುಕ್ಕರಕ್ಕೆ ಗೊತ್ತಿಲ್ಲ. ಅದರ ಹಣೆಯ ಮೇಲೆ ಇನ್ನೂ ಮುಂಬಯಿ ಕಾಲದ ಅಕ್ಷರ!

ಮಾಲಕರು ನಾಲ್ವರು, ನಾಲ್ಕು ಬಗೆಯ ಶಾಯಿ. ಮೊದಲನೆಯವರು ಬನಹಟ್ಟಿಯ ಸೀರೆ ವ್ಯಾಪಾರಿ, ಕೊನೆಯವರು ಕಾಕಾನ ಅಪ್ಪ. ನಡುವೆ ಒಂದು ಸಾಲದ ಷರಾ, ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಆ ಗೆರೆ ಎಳೆದ ದಿನ ಯಾರದೋ ಮನೆಯಲ್ಲಿ ಹೋಳಿಗೆ ಆಗಿರಲೇಬೇಕು.

ಆದರೆ ಪುಸ್ತಕ ಈ ಕಾರಿನದೇ ಎಂದು ನಂಬುವುದು ಹೇಗೆ? ಆರ್‌ಟಿಒ ಏಜೆಂಟರು ಮಾಡುವ ಕೆಲಸವನ್ನೇ ಮಾಡಿದೆ. ಇಂಜಿನ್ನಿನ ಹಿಂದಿನ ತಗಡು ಗೋಡೆಗೆ ತೆಳು ಹಾಳೆ ಒತ್ತಿ, ಮೇಲೆ ಪೆನ್ಸಿಲ್ ಅಡ್ಡ ಮಲಗಿಸಿ ತಿಕ್ಕಿದೆ. ಕಪ್ಪಿನೊಳಗಿಂದ ಬೆಳ್ಳಗೆ ಒಂದಂಕಿ ಎದ್ದಿತು. ಇನ್ನೊಂದು. ಮತ್ತೊಂದು! ಚಾಸಿ ನಂಬರು ಪುಸ್ತಕಕ್ಕೆ ತಾಳೆಯಾಯಿತು. ಇಂಜಿನ್ ನಂಬರಿನ ಕೊನೆಯ ಅಂಕಿಯಲ್ಲಿ ಮಾತ್ರ ಎದೆ ಧಸಕ್ಕೆಂದಿತು. ಪುಸ್ತಕದಲ್ಲಿ 8, ಕಬ್ಬಿಣದ ಮೇಲೆ 3! ಎಷ್ಟೋ ಹಳೆ ಕಾರುಗಳಿಗೆ ನಡುವೆ ಯಾರಾದರೂ ಡೀಸೆಲ್ ಇಂಜಿನ್ ಕೂರಿಸಿರುತ್ತಾರೆ, ವಂಶಾವಳಿ ಅಲ್ಲಿಗೆ ಮುರಿಯಿತು. ಕಾಕಾ ಏನೂ ಮಾತಾಡದೆ ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಕೊಟ್ಟರು. ಉಜ್ಜಿದೆ. ಜಿಡ್ಡಿನ ಹೆಪ್ಪು ಬಿಟ್ಟಿತು. 8!

ಈ ಒಂದಂಕಿಗೆ ಬೆಲೆಯಿದೆ. 2021ರಲ್ಲಿ ಕೇಂದ್ರ ಸರಕಾರ ಹಳೆ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿದ್ದರೆ 'ವಿಂಟೇಜ್', ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ 'ವಿಎ' ಎಂಬ ಅಕ್ಷರ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಬಾಳಿಕೆ. ದಿನನಿತ್ಯ ಓಡಿಸುವ ಹಾಗಿಲ್ಲ.

ರಾಜರ ಕಾರುಗಳ ಚರಿತ್ರೆಗೆ ದಪ್ಪ ಪುಸ್ತಕಗಳಿವೆ. ರೋಲ್ಸ್‌ರಾಯ್ಸ್ ಚಾಸಿಗಳ ದಾಖಲೆಯನ್ನು ಇಂಗ್ಲೆಂಡಿನಲ್ಲಿ ಇಂದಿಗೂ ಕಾಪಿಟ್ಟಿದ್ದಾರೆ. ಸೀರೆ ಮಾರಿದವರ, ಕಬ್ಬು ಬೆಳೆದವರ ಕಾರಿಗೆ ಬಿಸ್ಕಿಟ್ ಡಬ್ಬಿಯೇ ದಫ್ತರ! ನನ್ನ ಮಟ್ಟಿಗೆ ಹೆಚ್ಚು ಕುತೂಹಲದ ಕಥೆ ಇರುವುದು ಇಲ್ಲೇ.

ಡಬ್ಬಿಯ ತಳದಲ್ಲಿ ಒಂದು ಫೋಟೊ ಅಂಟಿಕೊಂಡಿತ್ತು. ಮದುವೆಯ ಮೆರವಣಿಗೆ, ಬಾಸಿಂಗ ಕಟ್ಟಿದ ವರ, ಬಾನೆಟ್ ತುಂಬ ಚೆಂಡುಹೂವು. ಹೂವಿನ ಸಂದಿಯಲ್ಲಿ ನಂಬರ್ ಪ್ಲೇಟಿನ ಕೊನೆಯ ಎರಡಂಕಿ ಸ್ಪಷ್ಟ. ವರ ಯಾರೆಂದು ಕಾಕಾಗೆ ಗುರುತು ಹತ್ತಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಪಕ್ಕದ ಹೊಲದ ಆಯಿ ಒಳಬಂದು, ಫೋಟೊವನ್ನು ಬೆಳಕಿಗೆ ಹಿಡಿದು ನಕ್ಕಳು.

"ಅಯ್ಯ, ಇವ ನಮ್ಮ ಅಣ್ಣ! ಆ ದಿಬ್ಬಣದಾಗ ನಾನೂ ಇದೇ ಗಾಡ್ಯಾಗ ಕುಂತಿದ್ನೆಪಾ. ಲಗ್ನಪತ್ರ ಮನ್ಯಾಗೈತಿ, ತರ್ಲೇನು?"